ಗಂಜಿ ಕುಡಿದವರು ಯಾರು?

ಕಾದಂಬರಿ ಓದಿದವನ ಪಕ್ಕದಲ್ಲಿ ಕುಳಿತು ಅದೇ ಕಾದಂಬರಿಯ ಸಿನಿಮಾ ನೋಡುವುದು ಎಷ್ಟು ಕಷ್ಟವೆಂಬುದನ್ನು ನನ್ನ ಪಕ್ಕದಲ್ಲಿ ಕುಳಿತವರನ್ನೇ ಕೇಳಬೇಕು. ನಾನು ಕನ್ನಡ ಮೇಷ್ಟ್ರು. ಪುಸ್ತಕದಲ್ಲಿ ಸಂಜೆ ನಡೆದದ್ದು ಪರದೆಯ ಮೇಲೆ ಬೆಳಿಗ್ಗೆ ನಡೆದರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ, ಹಿಂದಿನವರು ಕೆಮ್ಮುತ್ತಾರೆ, ನಾನು ಮಾತ್ರ ತಿದ್ದುಪಡಿ ಸಾರುತ್ತಲೇ ಇರುತ್ತೇನೆ. ಇದೊಂದು ಗುಣ, ಮತ್ತೆ ಎದುರಿಗಿದ್ದವರ ಮುಖ ಸ್ವಲ್ಪ ಸಪ್ಪಗಾದರೆ ಸಾಕು ಅವರನ್ನು ನಗಿಸಲು ಹೊರಡುವ ಇನ್ನೊಂದು ಗುಣ, ಇವೆರಡನ್ನು ಬಿಟ್ಟರೆ ನಾನು ಸಹಿಸಬಹುದಾದ ಮನುಷ್ಯನೆಂದು ನನ್ನ ಹೆಂಡತಿ ಸುಮತಿಯೇ ಒಪ್ಪಿಕೊಂಡಿದ್ದಾಳೆ.

ಅರುವತ್ತರ ದಶಕದ ಆರಂಭದ ಮಾತು. ನಾವು ಆಗ ಕಾರ್ಕಳದಲ್ಲಿದ್ದೆವು. ನಾನು ವರ್ಷ ವರ್ಷವೂ ಮಕ್ಕಳಿಗೆ ಪಾಠ ಮಾಡುತ್ತಿದ್ದ ಹಳೆಯ, ಎಲ್ಲರೂ ಕೈಮುಗಿಯುವ ಕಾದಂಬರಿಯೊಂದು ಭಾರೀ ವೆಚ್ಚದಲ್ಲಿ ಸಿನಿಮಾ ಆಗಿ ಬಂತು. ಎತ್ತಿನ ಗಾಡಿಗೆ ಎರಡೂ ಬದಿ ಚಿತ್ರಪಟ ಕಟ್ಟಿ, ಡೋಲು ಬಡಿಯುತ್ತಾ, ಬಣ್ಣದ ನೋಟೀಸು ಎರಚುತ್ತಾ ಹೋದರು. ನೋಟೀಸಿನಲ್ಲಿ ಆನೆ ಇತ್ತು. ಕಾದಂಬರಿಯಲ್ಲಿ ಆನೆಯಿಲ್ಲ. ಅಲ್ಲಿರುವುದು ಹೊಳೆಯ ಬದಿಯ ಬಡ ನೇಕಾರ, ಅವನ ಹೆಂಡತಿ, ಒಬ್ಬಳೇ ಮಗಳು, ಮತ್ತು ಸೋರುವ ಮುಳಿಹುಲ್ಲಿನ ಮನೆ. ಉಡುಪಿಯಲ್ಲಿ ಮೊದಲ ದಿನವೇ ನೋಡಿ ಬಂದ ಸಹೋದ್ಯೋಗಿಯೊಬ್ಬರು, ಆ ಮನೆಗೆ ಈಗ ಮಹಡಿ ಬಂದಿದೆಯೆಂದೂ ಮಗಳು ಬಾವಿಗೆ ಹೋಗುವಾಗಲೂ ಜರಿಸೀರೆ ಉಡುತ್ತಾಳೆಂದೂ ವರದಿ ಕೊಟ್ಟರು. ನೇಕಾರ ನೇಯ್ದದ್ದನ್ನೆಲ್ಲ ಮಾರದೆ ಮನೆಯವರಿಗೇ ಉಡಿಸಿದರೆ ಬಡತನ ಬಾರದೆ ಇನ್ನೇನು ಎಂದು ನಾನು ಸ್ಟಾಫ್ ರೂಮಿನಲ್ಲಿ ಒಂದು ವಾರ ಭಾಷಣ ಮಾಡಿದೆ.

ಸುಮತಿ ಮಾತ್ರ ಆ ಸಿನಿಮಾಕ್ಕೆ ಹೋಗಲೇಬೇಕು ಎಂದಳು. ಅವಳು ಯಾವುದಕ್ಕೂ ಹಠ ಹಿಡಿಯುವವಳಲ್ಲ. ನಾನು ಆನೆಯ ವಿಷಯ ಹೇಳಿದೆ, ಮಹಡಿಯ ವಿಷಯ ಹೇಳಿದೆ, ಸಾಹಿತ್ಯಕ್ಕೆ ಆದ ಅವಮಾನದ ವಿಷಯ ಹೇಳಿದೆ. ನಾನು ಬೇಡವೆನ್ನಲು ನಿಜವಾದ ಕಾರಣ ಬೇರೆಯೇ ಇತ್ತು. ಕಾದಂಬರಿಯ ನಡುವೆ ನೇಕಾರ ಸಾಯುತ್ತಾನೆ. ಜ್ವರ ಏರಿದೆ, ಪಂಡಿತರು ಔಷಧಿ ಹಿಡಿದುಕೊಂಡು ಆಚೆ ದಡದಲ್ಲಿ ನಿಂತಿದ್ದಾರೆ, ಹೊಳೆಯಲ್ಲಿ ನೆರೆ, ಅಂಬಿಗ ದೋಣಿ ಇಳಿಸುವುದಿಲ್ಲ. ಕಾಪುವಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಮಾವ, ಸುಮತಿಯ ಅಪ್ಪ, ತೀರಿಕೊಂಡು ಆಗ ಒಂದು ಮಳೆಗಾಲ ಕಳೆದಿತ್ತಷ್ಟೆ. ಅವರದೂ ಜ್ವರವೇ. ಸುಮತಿ ಒಗ್ಗರಣೆ ಹಾಕುತ್ತಾ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದಳು, ಸಾಸಿವೆ ಸೀದುಹೋಗುತ್ತಿತ್ತು. ನಾನು ಓಡಿಹೋಗಿ ಸೀದ ಸಾಸಿವೆಯ ಮೇಲೆ ಏನಾದರೊಂದು ತಮಾಷೆ ಮಾಡುತ್ತಿದ್ದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಹೆಂಡತಿಯ ದುಃಖ ಪರಿಹರಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಅಂಥವಳನ್ನು ಕರೆದುಕೊಂಡು ಹೋಗಿ ಆ ಸಾವನ್ನು ಹೇಗೆ ತೋರಿಸಲಿ? ಆದರೂ ಅವಳ ಹಠವೇ ಗೆದ್ದಿತು.

ಭಾನುವಾರದ ಮ್ಯಾಟಿನಿಗೆ ಹೋದೆವು. ಥಿಯೇಟರಿನ ಧಣಿ ಸಂಜೀವಣ್ಣ ನನಗೆ ತಾಳಮದ್ದಳೆಯಿಂದ ಪರಿಚಯ. ವೇಷವಿಲ್ಲದೆ ಕುಳಿತು ನಾನು ಪಾತ್ರದ ಅರ್ಥ ಹೇಳುವಾಗ ಮುಂದೆ ಕುಳಿತು ತಲೆದೂಗುವ ಮನುಷ್ಯ. ಅವರದೊಂದು ಏರ್ಪಾಡಿತ್ತು. ಉಡುಪಿಗೂ ಕಾರ್ಕಳಕ್ಕೂ ಸೇರಿ ಇದ್ದದ್ದು ಒಂದೇ ಪ್ರತಿ. ಅಲ್ಲಿ ಆಟ ಮೊದಲು ಶುರು, ಅಲ್ಲಿ ಮುಗಿದ ರೀಲುಗಳ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿದರೆ ಇಲ್ಲಿ ಹೊತ್ತಿಗೆ ಸರಿಯಾಗಿ ಇಳಿಸಿಕೊಳ್ಳುವುದು. ಮೊದಲರ್ಧ ಹಾಗೆಯೇ ಸುಸೂತ್ರ ನಡೆಯಿತು. ಆನೆ ಬಂತು. ಮಹಡಿಯ ಮೇಲೆ ಚಿನ್ನದ ಬಣ್ಣದ ಮಂಚದಲ್ಲಿ ನೇಕಾರ ಜ್ವರದಿಂದ ಮಲಗಿದ. ಹೆಂಡತಿ ಮಳೆಯಲ್ಲಿ ಹೊಳೆಯ ಕಡೆಗೆ ಓಡಿದಳು. ದೀಪ ಹೊತ್ತಿಕೊಂಡು ಇಂಟರ್ವಲ್ ಆಯಿತು. ಸೋಡಾ ಮುಗಿಯಿತು, ಕಡಲೆ ಮುಗಿಯಿತು, ಇಂಟರ್ವಲ್ ಮಾತ್ರ ಮುಗಿಯಲಿಲ್ಲ. ಎರಡನೆಯ ಪೆಟ್ಟಿಗೆ ಇದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆಯೆಂದು ಸುದ್ದಿ ಬಂತು. ಬೆಂಚಿನವರು ಶಿಳ್ಳೆ ಹಾಕಿದರು. ಯಾರೋ ಕುರ್ಚಿ ಎತ್ತಿ ಕುಕ್ಕಿದರು. ಸಂಜೀವಣ್ಣ ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದರು.

"ಮಾಷ್ಟ್ರೇ, ನೀವು ಆ ಪುಸ್ತಕ ಓದಿದವರಲ್ವಾ? ಪೆಟ್ಟಿಗೆ ಬರುವವರೆಗೆ ಸ್ವಲ್ಪ ಮುಂದಿನ ಕಥೆ ಹೇಳಿ. ಇಲ್ಲದಿದ್ದರೆ ಈ ಜನ ನನ್ನ ಕುರ್ಚಿ ಒಂದೂ ಉಳಿಸುವುದಿಲ್ಲ."

ಪರದೆಯ ಮುಂದೆ ನಿಂತೆ. ಜನ ತಣ್ಣಗಾದರು. ನಮ್ಮೂರಿನವರಿಗೆ ಕುಳಿತುಕೊಂಡು ಮಾತು ಕೇಳುವುದು ಹೊಸತಲ್ಲ. ಹೆಂಗಸರ ಕಡೆಯ ಮೊದಲ ಸಾಲಿನಲ್ಲಿ ಸುಮತಿ ಕೈಯಲ್ಲಿ ಕರವಸ್ತ್ರ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಹೊಳೆ ವರ್ಣಿಸಿದೆ, ನೆರೆ ವರ್ಣಿಸಿದೆ, ಗುಡುಗು ಮಿಂಚು ಎಲ್ಲವನ್ನೂ ಮುಗಿಸಿದೆ. ಇನ್ನು ಅಂಬಿಗ ಮುಖ ತಿರುಗಿಸಿ ಗುಡಿಸಲೊಳಗೆ ಹೋಗಬೇಕು. ಆ ಸಾಲು ನನಗೆ ಬಾಯಿಪಾಠ. ಅದು ಬಾಯಿಂದ ಹೊರಡಲಿಲ್ಲ.

"ಅಂಬಿಗ ದೋಣಿ ಬಿಚ್ಚಿದ" ಎಂದುಬಿಟ್ಟೆ.

ಬಿಚ್ಚಿದ ಮೇಲೆ ಕೇಳಬೇಕೆ? ದೋಣಿಯನ್ನು ಆಚೆ ದಡಕ್ಕೆ ಮುಟ್ಟಿಸಿದೆ. ಪಂಡಿತರನ್ನು ಹತ್ತಿಸಿಕೊಂಡೆ. ನಡುಹೊಳೆಯಲ್ಲಿ ಅಂಬಿಗನಿಗೂ ಯಮನಿಗೂ ತಾಳಮದ್ದಳೆಯ ಧಾಟಿಯಲ್ಲಿ ವಾದ ಹಚ್ಚಿ, ಯಮನನ್ನು ನಿರುತ್ತರನನ್ನಾಗಿ ಮಾಡಿದೆ. ಔಷಧಿ ಗಂಟಲೊಳಗೆ ಇಳಿಯಿತು. ನೇಕಾರ ಬೆವರಿದ, ಕಣ್ಣು ಬಿಟ್ಟ, ಮಗಳನ್ನು ಕರೆದು ಒಂದು ಲೋಟ ಗಂಜಿ ತೆಳಿ ಕೇಳಿ ಕುಡಿದ. ಜನ ಚಪ್ಪಾಳೆ ತಟ್ಟಿದರು. ಸಂಜೀವಣ್ಣನ ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು.

ದೀಪ ಆರಿತು. ಮುಂದಿನ ದೃಶ್ಯದಲ್ಲಿ ಅಂಬಿಗ ಮುಖ ತಿರುಗಿಸಿ ಗುಡಿಸಲೊಳಗೆ ಹೋದ. ನೇಕಾರ ಸತ್ತ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಹಾಡಿರಲಿಲ್ಲ, ಆನೆಯಿರಲಿಲ್ಲ. ಇಡೀ ಚಿತ್ರದಲ್ಲಿ ಕಾದಂಬರಿ ಇದ್ದ ಹಾಗೆಯೇ ತೆಗೆದಿದ್ದ ದೃಶ್ಯ ಅದೊಂದೇ. ಅದನ್ನೇ ನಾನು ತಿದ್ದಿದ್ದೆ. ಕತ್ತಲೆಯಲ್ಲಿ ಬೆಂಚಿನ ಕಡೆಯಿಂದ ಒಂದು ಸ್ವರ ಬಹಳ ಮರ್ಯಾದೆಯಿಂದ ಕೇಳಿತು: "ಮಾಷ್ಟ್ರೇ, ಹಾಗಾದರೆ ಆ ಗಂಜಿ ಕುಡಿದವರು ಯಾರು?"

ಥಿಯೇಟರಿಗೆ ಥಿಯೇಟರೇ ನಕ್ಕಿತು. ಅಷ್ಟು ದುಡ್ಡು ಸುರಿದು ತೆಗೆದ ಸಾವಿನ ದೃಶ್ಯಕ್ಕೆ ಕಾರ್ಕಳದಲ್ಲಿ ಒಂದು ಹನಿ ಕಣ್ಣೀರು ಬೀಳಲಿಲ್ಲ.

ಆಟ ಬಿಟ್ಟ ಮೇಲೆ ಆನೆಕೆರೆಯ ಬದಿಯಲ್ಲಿ ನಡೆದುಕೊಂಡು ಬಂದೆವು. ಸುಮತಿ ಕರವಸ್ತ್ರ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೊನೆಗೆ ನಾನೇ, ನಿನಗೆ ಬೇಸರವಾಗಬಾರದೆಂದು ಹಾಗೆ ಹೇಳಿದೆ ಎಂದೆ.

"ನನಗೆ ಗೊತ್ತಾಯಿತು. ಆ ಪುಸ್ತಕ ನಾನು ಮದುವೆಗೆ ಮೊದಲೇ ಓದಿದ್ದೇನೆ. ಅಪ್ಪನೇ ತಂದುಕೊಟ್ಟದ್ದು. ಅಂಬಿಗ ಬರುವುದಿಲ್ಲ ಅಂತ ನನಗೆ ಗೊತ್ತುಂಟು."

"ಗೊತ್ತಿದ್ದೂ ಹೋಗುವಾ ಅಂತ ಹಠ ಮಾಡಿದ್ದು ಎಂತಕ್ಕೆ?"

"ಅಳಲಿಕ್ಕೆ" ಎಂದಳು. "ಮನೆಯಲ್ಲಿ ನನಗೆ ಅಳು ಬರುವಾಗ ಪ್ರತಿ ಸಲ ನೀವು ಎಂತಾದರೂ ಹೇಳಿ ನಗಿಸುತ್ತೀರಿ. ಅಪ್ಪ ಹೋದ ಮೇಲೆ ನಾನು ಒಂದು ಸಲವೂ ಸರಿಯಾಗಿ ಅಳಲಿಲ್ಲ. ಸಿನಿಮಾದಲ್ಲಾದರೆ ಕತ್ತಲೆ, ಹೆಂಗಸರ ನಡುವೆ ಕೂತು ಯಾರಿಗೂ ಗೊತ್ತಾಗದ ಹಾಗೆ ಅತ್ತುಬಿಡುವಾ ಅಂತ ಕರವಸ್ತ್ರ ತೆಗೆದುಕೊಂಡು ಬಂದೆ. ನೋಡಿದರೆ ಅಲ್ಲಿಯೂ ಎದ್ದು ನಿಂತದ್ದು ನೀವೇ."

ಅವಳು ಕೆರೆಯ ಕಟ್ಟೆಯ ಮೇಲೆ ಕುಳಿತಳು. "ಗಂಜಿ ಕುಡಿದವರು ಯಾರು" ಎಂದು ತನ್ನಷ್ಟಕ್ಕೆ ಹೇಳಿ ಸ್ವಲ್ಪ ನಕ್ಕಳು. "ಕೊನೆಯ ದಿನ ಅಪ್ಪನೂ ಗಂಜಿಯೇ ಕೇಳಿದ್ದು" ಎಂದಳು. ಆಮೇಲೆ ಅಳತೊಡಗಿದಳು. ಒಂದು ಮಳೆಗಾಲದ ಅಳು ಅದು, ಕರವಸ್ತ್ರ ಸಾಲದೆ ಸೆರಗೂ ಒದ್ದೆಯಾಯಿತು. ದಾರಿಯಲ್ಲಿ ಹೋಗುವವರು ನನ್ನನ್ನು ದುರುಗುಟ್ಟಿ ನೋಡಿದರು, ಹೆಂಡತಿಗೆ ಹೊಡೆದವನೆಂದುಕೊಂಡಿರಬೇಕು. ನಾನು ಪಕ್ಕದಲ್ಲಿ ಕುಳಿತೇ ಇದ್ದೆ. ಆಗ ನನಗೊಂದು ತಮಾಷೆ ಹೊಳೆಯಿತು. ನನ್ನ ಆಯುಷ್ಯದಲ್ಲಿ ಹೊಳೆದವುಗಳಲ್ಲೆಲ್ಲ ಒಳ್ಳೆಯದು, ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡೆ. ನಾಲ್ಕು ಜನ ನಗುತ್ತಾರೆಂಬ ಆಸೆಗೆ ಇಲ್ಲಿಯೂ ಅದನ್ನು ಬರೆಯುವುದಿಲ್ಲ.