ಮೂರು ಸೆಕೆಂಡಿನ ಕಲ್ಲು

ಇಪ್ಪತ್ತು ಮೀಟರ್ ಎತ್ತರದ ಕಟ್ಟಡದಿಂದ ಬಿಟ್ಟ ಕಲ್ಲು ನೆಲ ಮುಟ್ಟಲು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ ಎಂಬುದು ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚಾಗಿರುವ ಸತ್ಯ. ಅಚ್ಚಾದ ಮೇಲೆ ಮುಗಿಯಿತು. ಎರಡೇ ಸೆಕೆಂಡಿಗೆ ಬೀಳುವುದು ಕಲ್ಲಿನ ಅವಿಧೇಯತೆಯೇ ಹೊರತು ಪುಸ್ತಕದ ದೋಷವಲ್ಲ.

ಇದನ್ನು ಒಪ್ಪದವಳು ಒಬ್ಬಳೇ, ಟೈಲರ್ ಮಗಳು. ಸೂತ್ರ ಬರೆದು, ಬೆಲೆ ತುಂಬಿ, ಹೋಂವರ್ಕಿನಲ್ಲಿ 'ಎರಡು ಸೆಕೆಂಡು' ಎಂದು ತಂದಿದ್ದಳು.

"ಮೂರು ಅಂತ ಬರೆದ್ಬಿಡು ತಾಯಿ," ಎಂದರು ವಿಜ್ಞಾನದ ಮೇಷ್ಟ್ರು. "ನಿಂಗೆ ಸೈನ್ಸ್ ಸೀಟಿಗೆ ಒಂದೇ ಒಂದು ಮಾರ್ಕು ಕಮ್ಮಿ ಇದೆ. ಯಾಕೆ ಸುಮ್ನೆ ಹಟ?"

"ಅಳತೆ ಅಂದ್ರೆ ಅಳತೆ ಸಾರ್. ತೋಳು ಗಿಡ್ಡ ಬಂದ್ರೆ ನಮ್ಮಪ್ಪ ಗಿರಾಕಿ ಕೈನೇ ಕತ್ತರಿಸ್ತಾರಾ?"

ಮೇಷ್ಟ್ರಿಗೆ ಒಳಗೊಳಗೇ ಹೆಮ್ಮೆಯಾಯಿತು. ಲೆಕ್ಕ ಸರಿಯೆಂದು ಅವರಿಗೂ ಗೊತ್ತು. ಆದರೆ ನಿಯಮ ಹದಿನೇಳರ ಪ್ರಕಾರ, ಪುಸ್ತಕದ ಉತ್ತರಕ್ಕೆ ಹೊಂದದ ಹೋಂವರ್ಕಿಗೆ ಮಾರ್ಕು ಕೊಟ್ಟರೆ ಕೊಟ್ಟವರ ಕೆಲಸಕ್ಕೇ ಸಂಚಕಾರ. ನುಂಗಲೂ ಆಗದೆ ಉಗುಳಲೂ ಆಗದೆ ಪಠ್ಯಪುಸ್ತಕ ಕಚೇರಿಗೆ ಪತ್ರ ಬರೆದು ಕೈತೊಳೆದುಕೊಂಡರು.

ಕಚೇರಿ ಕೂಡಲೇ, ಅಂದರೆ ಮೂರನೇ ಜ್ಞಾಪನಾಪತ್ರದ ನಂತರ, ಸಮಿತಿ ರಚಿಸಿತು. ಸಮಿತಿ ತನ್ನದೇ ಇಪ್ಪತ್ತು ಮೀಟರಿನ ಕಟ್ಟಡ ಹತ್ತಿ ಹನ್ನೊಂದು ಸಲ ಕಲ್ಲು ಬಿಟ್ಟಿತು. ಹನ್ನೊಂದು ಸಲವೂ ಎರಡೇ ಸೆಕೆಂಡು. ಕಾರಣ ಕೇಳಿ ಕಲ್ಲಿಗೆ ನೋಟಿಸು ನೀಡಲಾಯಿತು. ಏಳು ದಿನದೊಳಗೆ ಉತ್ತರ ಬರಲಿಲ್ಲ. ಹನ್ನೆರಡನೇ ಸಲ ಗಡಿಯಾರ ಬದಿಗಿಟ್ಟು, ಬಾಯಲ್ಲೇ ಎಣಿಸುವಂತೆ ಜವಾನನಿಗೆ ಹೇಳಿದರು. ಊಟದ ಹೊತ್ತು ಮೀರಿತ್ತು. ಪಾಪ, ಅವನು ಗಡಿಬಿಡಿಯಲ್ಲಿ ಎಣಿಸಿದ. ಅವನು 'ಮೂರು' ಅನ್ನುವುದಕ್ಕೂ ಕಲ್ಲು ಬೀಳುವುದಕ್ಕೂ ಸರಿಹೋಯಿತು.

"ಆಹಾ! ಸಿಕ್ತು ನೋಡಿ," ಎಂದರು ಅಧ್ಯಕ್ಷರು. "ಪುಸ್ತಕಾನೂ ಸರಿ, ಕಲ್ಲೂ ಸರಿ. ನಮ್ಮ ಸೆಕೆಂಡೇ ಉದ್ದ ಇತ್ತು."

ಆದೇಶ ಹೊರಟಿತು: "ಸೆಕೆಂಡು ಎಂದರೆ ಸದರಿ ಜವಾನರು ಎಣಿಸಿದ ಸೆಕೆಂಡು ಎಂದೇ ಓದಿಕೊಳ್ಳತಕ್ಕದ್ದು. ಹಳೆಯ ಎರಡಕ್ಕೆ ಹೊಸ ಮೂರು. ನಿಮಿಷ, ಗಂಟೆ, ವರ್ಷಗಳು ಇದನ್ನೇ ಅನುಸರಿಸತಕ್ಕದ್ದು. ಕಳೆದುಹೋದ ಕಾಲಕ್ಕೂ ಇದು ಅನ್ವಯ. ಸೂರ್ಯನಿಗೆ ಪ್ರತ್ಯೇಕವಾಗಿ ತಿಳಿಸಲಾಗುವುದು."

ಯಾರೂ ಚಕಾರ ಎತ್ತಲಿಲ್ಲ. ಎತ್ತುವುದಾದರೂ ಯಾಕೆ? ಎಂಟು ಗಂಟೆಯ ಕೆಲಸ ಹಳೆಯ ಐದೂ ಚಿಲ್ಲರೆ ಗಂಟೆಗೇ ಮುಗಿಯುತ್ತಿತ್ತು. ಮೇಷ್ಟ್ರಿಗೂ ಮಧ್ಯಾಹ್ನದ ನಿದ್ದೆ ರೂಢಿಯಾಯಿತು. ಹುಡುಗಿಯ ನೆನಪಾದಾಗ ಮಾತ್ರ ನಾಚಿಕೆಯಾಗುತ್ತಿತ್ತು. ಆಗ ಮಗ್ಗುಲು ಬದಲಿಸುತ್ತಿದ್ದರು.

ವರ್ಷದ ಕೊನೆಯ ಹೋಂವರ್ಕು, 'ನೀವೇ ಒಂದು ಲೆಕ್ಕ ರಚಿಸಿ ಬಿಡಿಸಿ'. ಪುಸ್ತಕದ ಹಿಂದೆ ಉತ್ತರವಿಲ್ಲದ ಪ್ರಶ್ನೆ ಅದೊಂದೇ, ಮಾರ್ಕೂ ಒಂದೇ. ಟೈಲರ್ ಮಗಳು ಬರೆದಿದ್ದಳು: 'ದತ್ತ: ನಮ್ಮ ಮೇಷ್ಟ್ರಿಗೆ ಹಳೆಯ ಲೆಕ್ಕದಲ್ಲಿ ನಲವತ್ತು ವರ್ಷ. ಆದೇಶದ ಪ್ರಕಾರ ಹಳೆಯ ಎರಡಕ್ಕೆ ಹೊಸ ಮೂರು. ಈಗ ಅವರ ವಯಸ್ಸೆಷ್ಟು? ಉತ್ತರ: ಅರವತ್ತು.'

ಮೇಷ್ಟ್ರು ಎರಡು ಸಲ ಗುಣಿಸಿ ನೋಡಿದರು. ಅರವತ್ತಕ್ಕೆ ನಿವೃತ್ತಿ. ಸಹಿಯಾದ ಹೋಂವರ್ಕು ದಾಖಲೆ. ದಾಖಲೆ ಮುಖ್ಯೋಪಾಧ್ಯಾಯರ ಮೇಜಿಗೆ ಹೋಗಲೇಬೇಕು.

"ನೀವು ತಪ್ಪು ಅಂದ್ರೆ ಹರಿದು ಹಾಕ್ತೀನಿ ಸಾರ್," ಎಂದಳು ಹುಡುಗಿ, ಮುಖ ಸಣ್ಣದು ಮಾಡಿಕೊಂಡು. "ಆದ್ರೆ ಲೆಕ್ಕ ಸರಿ ಇದೆ ಅಲ್ವಾ?"

ಈ ಸಲವೂ ತಪ್ಪು ಅನ್ನಲು ಅವರಿಗೆ ನಾಲಿಗೆ ಹೊರಳಲಿಲ್ಲ. "ಸರಿ ಇದೆ ಮಗಳೇ," ಎಂದು ಒಂದಕ್ಕೆ ಒಂದು ಕೊಟ್ಟು ಸಹಿ ಹಾಕಿದರು.

ಹುಡುಗಿಗೆ ಸೈನ್ಸ್ ಸೀಟು ಸಿಕ್ಕಿತು. ಮೇಷ್ಟ್ರಿಗೆ ನಿವೃತ್ತಿಯ ಆದೇಶ ಬಂತು. ಉಳಿದವರ ವಯಸ್ಸಿನ ಲೆಕ್ಕವನ್ನು ಯಾರೂ ಬಿಡಿಸಿರಲಿಲ್ಲವಾದ್ದರಿಂದ ಅವರಿಗೆ ಹಳೆಯ ವಯಸ್ಸೇ ಮುಂದುವರಿಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಎದ್ದುನಿಂತು ಮೇಷ್ಟ್ರನ್ನು ಬೀಳ್ಕೊಟ್ಟರು.

"ಅರವತ್ತು ಅಂತ ಹೇಳೋಕೇ ಆಗಲ್ಲ ಮೇಷ್ಟ್ರೇ," ಎಂದು ಮುಖ್ಯೋಪಾಧ್ಯಾಯರು ಕೈಹಿಡಿದು ಮನಸಾರೆ ಮೆಚ್ಚಿದರು. "ನೋಡೋಕೆ ನಲವತ್ತರ ಹಾಗೇ ಇದ್ದೀರಿ."