ಹೂಂಗುಟ್ಟುವವರಿಲ್ಲದ ಕಥೆ

ಫೋನಿನಲ್ಲಿ ಹೊತ್ತು ಕಳೆಯುವುದರಲ್ಲಿ ನಾನು ಯಾವ ಹುಡುಗರಿಗೂ ಕಡಿಮೆಯಿಲ್ಲ, ಒಪ್ಪಿಕೊಳ್ಳುತ್ತೇನೆ. ಓದಿದ್ದು ಮೂರನೇ ಕ್ಲಾಸು. ಆದರೆ ಬೆರಳಿನಲ್ಲಿ ಮೇಲಕ್ಕೆ ತಳ್ಳುವುದಕ್ಕೆ ಯಾವ ಓದು ಬೇಕು? ಹನೂರು ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಲರ್ ಅಂಗಡಿ. ಈಗ ಎಲ್ಲರೂ ರೆಡಿಮೇಡ್ ತೊಡುವುದರಿಂದ ಮಿಷನ್ನಿಗಿಂತ ಫೋನೇ ಹೆಚ್ಚು ಓಡುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಮುದ್ದೆ, ಉಪ್ಪೆಸರು ಬಿಟ್ಟು ಬೇರೇನೂ ಬೇಯಿಸಿದವನಲ್ಲ. ಕೇಕು ಮಾಡುವ ವಿಡಿಯೋಗಳನ್ನು ಮಾತ್ರ ಒಂದೂ ಬಿಟ್ಟಿಲ್ಲ.

ರಾಯಚೂರಿನ ಕಡೆ ನರ್ಸಾಗಿರುವ ಮಗಳಿಗೆ ಇದು ಗೊತ್ತಾಯಿತು. "ಅಪ್ಪ, ಫೋನಲ್ಲಿ ಉಪಯೋಗಕ್ಕೆ ಬರೋದು ಏನಾರ ಮಾಡು. ನಂಗೆ ಸಂಜೆ ಡ್ಯೂಟಿ ಆಕವ್ರೆ, ಆ ಒತ್ತಲ್ಲಿ ಮಾತಾಡಕ್ಕಾಗಕಿಲ್ಲ. ಒಂದು ಕತೆ ಏಳಿ ರೆಕಾರ್ಡ್ ಮಾಡಿ ಕಳ್ಸು, ಮನೆಗೆ ಬಂದು ಸಿಂಚನಂಗೆ ಕೇಳಿಸ್ತೀನಿ" ಎಂದಳು. ಸಿಂಚನ ನನ್ನ ಮೊಮ್ಮಗಳು, ಐದು ವರ್ಷ. ಅವಳೊಂದಿಗೆ ಸಂಜೆ ಫೋನಿನಲ್ಲಿ ಆಡುತ್ತಿದ್ದ ಮಾತೇ ನನ್ನ ಮನೆಯೊಳಗಿನ ಮಾತು. ಅದು ನಿಂತರೆ ನನ್ನ ದನಿ ಅವಳಿಗೆ ಎಷ್ಟು ದಿನ ನೆನಪಿರುತ್ತದೆ?

ಮರುದಿನ ಅಂಗಡಿಯಲ್ಲಿ ಫೋನು ಎದುರಿಗಿಟ್ಟುಕೊಂಡು ಕೂತೆ. ನಮ್ಮ ಕಡೆ ಕಥೆ ಕೇಳುವವರು ಹೂಂಗುಟ್ಟುತ್ತಿರಬೇಕು. ಹೂಂ ಬಂದರೆ ಕಥೆ ಮುಂದಕ್ಕೆ. ನಿಂತರೆ ಮಗು ಮಲಗಿತೆಂದು ಅರ್ಥ. "ಒಂದೂರಲ್ಲಿ ಒಬ್ಬ ರಾಜ ಇದ್ನಂತೆ" ಎಂದು ಕಾದೆ. ಫೋನು ಹೂಂ ಅನ್ನಲಿಲ್ಲ. ಮೂರು ಸಲ ಶುರು ಮಾಡಿದರೂ ರಾಜ ಇದ್ದಲ್ಲೇ ಇದ್ದ.

ಪಕ್ಕದ ಸೈಕಲ್ ಶಾಪಿನ ಪುಟ್ಟಮಾದ ಇದನ್ನು ನೋಡಿ, "ಅದಕ್ಯಾಕ್ಲಾ ಮೊಕ ಸಣ್ಣ ಮಾಡ್ಕಂಡಿದ್ದೀಯೆ? ನಾನು ಊಂ ಅಂತೀನಿ, ಏಳು" ಎಂದು ಬೀಡಿ ಕಚ್ಚಿಕೊಂಡೇ ಬಂದು ಕೂತ. ಕಥೆಯಲ್ಲಿ ಹುಲಿ ಬರುವವರೆಗೂ ಚೆನ್ನಾಗಿಯೇ ಹೂಂಗುಟ್ಟಿದ. ಆಮೇಲೆ, "ಉಲಿ ಅಂಗೆಲ್ಲಾ ಬರಕಿಲ್ಲ ಕಣ್ಲಾ. ರಾಮಾಪುರದ ತಾವ ನಾನೇ ನೋಡಿವ್ನಿ" ಎಂದ. ಅಷ್ಟರಲ್ಲಿ ಹೊರಗೆ ಬೆಟ್ಟದ ದೇವಸ್ಥಾನಕ್ಕೆ ಹೋಗುವ ಬಸ್ಸಿನ ಕಂಡಕ್ಟರು "ಬೆಟ್ಟ, ಬೆಟ್ಟ, ಬೆಟ್ಟ" ಎಂದು ಕೂಗಿದ. ಅದೆಲ್ಲ ರೆಕಾರ್ಡಿಗೆ ಸೇರಿತ್ತು, ಹಾಗೇ ಕಳಿಸಿದೆ.

ಬೆಳಿಗ್ಗೆ ಸಿಂಚನಳ ದನಿ ಬಂದಿತ್ತು. "ತಾತ, ಅದ್ಯಾರು ನನ್ನ ಊಂ ಏಳಿದ್ದು? ಅವ್ರಿಗೆ ಬೇಡ ಅನ್ನು. ಅದು ನಂದು."

ನನ್ನ ಖುಷಿ ಅಂಗಿಯೊಳಗೆ ಹಿಡಿಸಲಿಲ್ಲ. ಜಿಪ್ಪು ಹಾಕಿಸಲು ಬಂದವರಿಗೂ ಕೇಳಿಸಿದೆ, ಬೆಟ್ಟಕ್ಕೆ ನಡೆದು ಹೋಗುತ್ತಿದ್ದವರನ್ನೂ ನಿಲ್ಲಿಸಿ ಕೇಳಿಸಿದೆ. ಪುಟ್ಟಮಾದನಿಗೆ ಮಾತ್ರ ಬೇಜಾರಾಯಿತು. "ಬುಡಪ್ಪ, ನನ್ನ ಊಂಗೂ ಬೆಲೆ ಇಲ್ದಂಗಾಯ್ತು" ಎಂದು ಹೋಗಿ ಪಂಚರ್ ಹಾಕತೊಡಗಿದ. ಒಂದು ವಡೆ ಕೊಡಿಸಿದ ಮೇಲೆಯೇ ಮುಖ ಎತ್ತಿದ್ದು.

ಮುಂದಿನ ಕಥೆಯಲ್ಲಿ ಪ್ರತಿ ಮಾತಿನ ನಡುವೆ ಅವಳ ಹೂಂಗೆ ಜಾಗ ಬಿಟ್ಟೆ, ಹೊಲಿಗೆಗೆ ಬಟ್ಟೆ ಬಿಟ್ಟ ಹಾಗೆ. ಅದಕ್ಕೂ ಜವಾಬು ಬಂತು. ಮೊದಲು ಮಗಳ ದನಿ: "ಅಪ್ಪ, ತಾತಂಗೆ ಊಂ ಇಲ್ದೆ ಬೇಜಾರಾಯ್ತದೆ ಅಂತ ಬರೀ ಊಂ ಏಳಿ ಕಳಿಸವ್ಳೆ." ಅದರ ಕೆಳಗೆ ಸಿಂಚನಳದು. ಊಂ. ಸ್ವಲ್ಪ ಬಿಟ್ಟು ಇನ್ನೊಂದು ಊಂ. ಕಥೆಯೇ ಇಲ್ಲ, ಉದ್ದಕ್ಕೂ ಬರೀ ಊಂ.

ಅಂದಿನಿಂದ ಸಂಜೆ ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಲ್ಲಿ ಫೋನಿಟ್ಟು ಅದನ್ನೇ ಹಾಕಿಕೊಳ್ಳುತ್ತೇನೆ.

"ಇವತ್ತು ಬಿಸ್ಲು ಜಾಸ್ತಿ ಮಗ."

"ಊಂ."

"ಉಪ್ಪು ಒಂದು ಕಲ್ಲು ಎಚ್ಚಾಯ್ತು."

"ಊಂ."

"ನಿಮ್ಮಜ್ಜಿ ಇದ್ದಿದ್ರೆ ಬೈದಿರೋಳು."

"ಊಂ."

ಮೂವತ್ತೆಂಟು ವರ್ಷ ಸಂಸಾರ ಮಾಡಿದರೂ ಈ ಮನೆಯಲ್ಲಿ ನನ್ನ ಮಾತಿಗೆ ಯಾರೂ ಇಷ್ಟು ಒಪ್ಪಿರಲಿಲ್ಲ. ಕೊನೆಗೆ ಮಾತ್ರ ಒಂದು ತೊಡಕು. ಹೂಂಗಳೆಲ್ಲ ಮುಗಿದ ಮೇಲೆ ಹುಡುಗಿ, "ಆಮೇಲೆ ತಾತ?" ಎಂದು ಕೇಳಿ ನಿಲ್ಲಿಸಿದ್ದಾಳೆ.

ದಿನವೂ ತಟ್ಟೆಯಲ್ಲಿ ಉಳಿದಿದ್ದನ್ನು ಬಳಿದು ತಿನ್ನುತ್ತೇನೆ. ಆಮೇಲೆ "ಆಮೇಲೇನೂ ಇಲ್ಲ ಕಣವ್ವ, ತಟ್ಟೆ ತೊಳೀಬೇಕು" ಎಂದು ಹೇಳಿ ಏಳುತ್ತೇನೆ.