ಮಾವನ ಲಾರಿಗೆ ಯಾವ ಎಣ್ಣೆ?

ಹಳೆಯ ಗಾಡಿ ಇಟ್ಟುಕೊಂಡವರ ಬದುಕಿನಲ್ಲಿ ವಾರಕ್ಕೊಂದಾದರೂ ನಗೆಪಾಟಲು ನಡೆದೇ ನಡೆಯುತ್ತದೆ. ಆ ಹೊತ್ತಿನಲ್ಲಿ ನಗುವವರು ಬೇರೆಯವರು, ನಮಗೆ ನಗು ಬರಬೇಕಾದರೆ ಕೆಲವು ವರ್ಷ ಹಿಡಿಯುತ್ತದೆ.

ಎಂಬತ್ತರ ದಶಕದಲ್ಲಿ ನನ್ನ ಸೋದರಮಾವ ಮಿಲಿಟರಿಯವರು ಹರಾಜಿಗಿಟ್ಟಿದ್ದ ಒಂದು ಹಳೇ ಲಾರಿಯನ್ನು ರಾಣೆಬೆನ್ನೂರಿಗೆ ತಂದ. ಅದಕ್ಕೆ ನಾನೇ ಡ್ರೈವರ್. ಹಿಂದಿನ ಗಾಲಿಗಳ ಜೊತೆ ಮುಂದಿನವೂ ಎಳೆಯುತ್ತಿದ್ದುದರಿಂದ ಎರೆಹೊಲದ ಕೆಸರು, ಹಳ್ಳದ ಮರಳು, ಗುಡ್ಡದ ಕಲ್ಲುದಾರಿ ಯಾವುದಕ್ಕೂ ಅದು ಅಂಜುತ್ತಿರಲಿಲ್ಲ. ಬೇರೆ ಲಾರಿಗಳು ಹೋಗದ ಹೊಲಕ್ಕೆ ಇಳಿದು ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಪೇಟೆಗೆ ಮುಟ್ಟಿಸುತ್ತಿತ್ತು. ಅದಕ್ಕೆ ಇದ್ದ ಚಟ ಒಂದೇ, ಪೆಟ್ರೋಲ್ ಕುಡಿಯುವುದು. ದುಡಿದದ್ದೆಲ್ಲ ಅದರ ಹೊಟ್ಟೆಗೇ ಹೋಗುತ್ತಿತ್ತು. ಪೆಟ್ರೋಲನ್ನೇ ಮುಂದುವರಿಸುವುದೋ, ಸೀಮೆಎಣ್ಣೆಗೆ ಹೊಂದಿಸುವುದೋ, ಡೀಸೆಲ್ ಎಂಜಿನ್ನನ್ನೇ ಕೂಡಿಸುವುದೋ? ಇದೊಂದು ನಿರ್ಧಾರಕ್ಕೆ ಮಾವ ಎರಡು ಮಳೆಗಾಲ ಕಳೆದ.

ಸಿಕ್ಕಸಿಕ್ಕವರನ್ನು ಕೇಳುವುದು ಅವನ ಅಭ್ಯಾಸ. ಒಂದು ದಿನ ದಾಡಿ ಮಾಡಿಸಿಕೊಂಡು ಮನೆಗೆ ಬಂದವನೇ, "ಡೀಸೆಲ್ ಹಾಕಸೂದಂತ ನಿಕ್ಕಿ ಮಾಡೇನಿ" ಅಂದ.

"ಯಾರ ಹೇಳಿದ್ರು?" ಅತ್ತೆ ಕೇಳಿದಳು.

"ಕ್ಷೌರದಂಗಡಿಯಾವ."

"ಅವಗ ಲಾರಿ ಬಗ್ಗೆ ಏನ್ ಗೊತ್ತೈತಿ? ನೀವು ಹ್ಞೂಂ ಅಂದ್ ಬಂದ್ರ್ಯಾ?"

"ಕತ್ತಿ ಕುತ್ತಿಗಿ ಮ್ಯಾಲಿತ್ತು. ಬ್ಯಾಡ ಅನ್ನಾಕ ಬರ್ತದೇನ?" ಅಂದ ಮಾವ.

ರುಮಾಲು

ನಮ್ಮ ಮಿಸ್ತ್ರಿ ರಾಣೆಬೆನ್ನೂರಿನ ಸಾಬರು. ಮನೆಯಲ್ಲಿ ಉರ್ದು, ಗ್ಯಾರೇಜಿನಲ್ಲಿ ಕನ್ನಡ, ಬೋಲ್ಟು ತುಂಡಾದಾಗ ಎರಡೂ. "ಮೊದಲ ಇದ್ದದ್ದನ್ನ ರಿಪೇರಿ ಮಾಡ್ಕೊಂಡ ನೋಡ್ರಿ ಸಾವ್ಕಾರ್ರ" ಎಂದು ಪೆಟ್ರೋಲನ್ನೇ ಉಳಿಸಿದರು. ಬಿಸಿಲಲ್ಲಿ ನಿಧಾನ ಹೋದರೆ ಪೆಟ್ರೋಲ್ ಎತ್ತುವ ಪಂಪು ಕಾದು, ಪೈಪಿನಲ್ಲಿ ಪೆಟ್ರೋಲೇ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಅದಕ್ಕೆ ಅವರ ಔಷಧ, ಪಂಪಿಗೆ ಹಸಿ ಬಟ್ಟೆ ಸುತ್ತುವುದು.

ಬ್ಯಾಡಗಿ ಕಡೆಯ ಹಳ್ಳಿಯೊಂದಕ್ಕೆ ಮದುವೆಯ ನಿಬ್ಬಣ ಒಯ್ಯುವಾಗ, ಹೊಲದ ದಾರಿಯಲ್ಲಿ ನಡುಮಧ್ಯಾಹ್ನ ಗಾಡಿ ನಿಂತಿತು. ಮುಹೂರ್ತ ಹತ್ತಿರ ಬಂದಿತ್ತು. ಹುಡುಕಿದರೆ ಒಂದು ಚಿಂದಿ ಬಟ್ಟೆಯೂ ಇಲ್ಲ. ಹೆಂಗಸರೆಲ್ಲ ಹೊಸ ಇಳಕಲ್ ಸೀರೆ ಉಟ್ಟವರು. ಸೆರಗು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕ್ಯಾಬಿನ್ನಿನಲ್ಲಿ ಕೂತಿದ್ದ ವರನ ತಂದೆ ಉದಾರಿ. ತಲೆಯ ಮೇಲಿದ್ದ ಹೊಸ ರುಮಾಲನ್ನು ಬಿಚ್ಚಿ, "ತಗೋರಿ, ಮಗನ ಲಗ್ನಕ್ಕಿಂತ ಇದೇನ್ ದೊಡ್ಡದು" ಎಂದರು. ಗಾಡಿಯಲ್ಲಿದ್ದ ಕೊಡದ ನೀರಲ್ಲಿ ಅದನ್ನು ತೋಯಿಸಿ ಪಂಪಿಗೆ ಸುತ್ತಿದೆ. ಗಾಡಿ ಹೊರಟಿತು.

ಊರ ಬಾಗಿಲಲ್ಲಿ ಹೆಣ್ಣಿನ ಕಡೆಯವರು ಬಾಜಾ ಭಜಂತ್ರಿಯೊಂದಿಗೆ ನಿಂತಿದ್ದರು. ಆರತಿ ತಟ್ಟೆ ಬಂತು, ಕಾಲಿಗೆ ನೀರು ಬಂತು. ಹುಡುಗ ಇಳಿದ, ಹೆಂಗಸರು ಇಳಿದರು. ವರನ ತಂದೆ ಮಾತ್ರ ಕ್ಯಾಬಿನ್ ಬಿಟ್ಟು ಕದಲಲಿಲ್ಲ. ಬೀಗರು ಗಾಬರಿಯಾಗಿ ಕೈಮುಗಿದು, "ನಮ್ಮಿಂದ ಏನರ ತಪ್ಪಾತೇನ್ರಿ? ಇಳೀರಿ, ಬೀಗರ" ಎಂದರು.

ಬರಿದಲೆಯಲ್ಲಿ ಕೂತಿದ್ದ ಅವರು ಬಾನೆಟ್ಟಿನ ಕಡೆ ಕೈಮಾಡಿ ಹೇಳಿದರು: "ಮೊದಲ ನನ್ನ ರುಮಾಲು ಇಳೀಲಿರಿ. ಅದರ ಹಿಂದ ನಾನೂ ಇಳೀತೇನಿ."

ಹಿಮ್ಮುಖ

ಆಮೇಲೆ ಪಂಪೇ ಸೋತಿತು. ಟ್ಯಾಂಕು ಇದ್ದದ್ದು ಹಿಂದೆ, ಬಾಡಿಯ ಕೆಳಗೆ. ಏರು ಹತ್ತುವಾಗ ಟ್ಯಾಂಕು ಕೆಳಗಾಗಿ ಎಂಜಿನ್ ಮೇಲಾಗುತ್ತಿತ್ತು. ಅಷ್ಟೆತ್ತರಕ್ಕೆ ಪೆಟ್ರೋಲ್ ಎತ್ತುವ ಕಸುವು ಪಂಪಿಗೆ ಇರಲಿಲ್ಲ. ಹೊಸದು ಹುಬ್ಬಳ್ಳಿಯಿಂದ ಬರುವವರೆಗೆ ಮಿಸ್ತ್ರಿ ಒಂದು ಉಪಾಯ ಹೇಳಿದರು: "ರಿವರ್ಸ್‌ನಾಗ ಹತ್ತಸ್ರಿ. ಟ್ಯಾಂಕ್ ಮ್ಯಾಲೆ ಆಗ್ತದ, ಪೆಟ್ರೋಲ್ ತಾನ ಇಳದ್ ಬರ್ತದ."

ಖರೇನೇ ಬಂತು. ದೇವರಗುಡ್ಡದ ಕಡೆ ದಿನ್ನೆಯೊಂದರ ಮೇಲೆ ಮನೆ ಕಟ್ಟುವವರಿಗೆ ನೀರಿನ ಬ್ಯಾರಲ್ ಮುಟ್ಟಿಸುತ್ತಿದ್ದೆವು. ಬುಡದವರೆಗೆ ನೆಟ್ಟಗೆ ಹೋಗಿ, ಅಲ್ಲಿ ಗಾಡಿ ತಿರುಗಿಸಿ, ಬೆನ್ನು ಮುಂದೆ ಮಾಡಿಕೊಂಡು ಹತ್ತುತ್ತಿದ್ದೆವು. ಒಂದು ದಿನ ತಿರುಗಿಸಿ ನಿಲ್ಲಿಸಿದಾಗ ಒಬ್ಬಳು ಅಜ್ಜಿ ಕೈಯೊಡ್ಡಿದಳು. "ರಾಣಿಬೆನ್ನೂರ ಕಡೆ ಹೊಂಟೀರೇನಪಾ?" ಅಂದಳೋ ಏನೋ, ಎಂಜಿನ್ ಸದ್ದಿನಲ್ಲಿ ಮಾವನಿಗೆ ಕೇಳಿಸಲಿಲ್ಲ. ಮೇಲಿನ ಮನೆಯವರ ಪೈಕಿ ಇರಬೇಕೆಂದು ಹತ್ತಿಸಿಕೊಂಡ. ಅಜ್ಜಿ ಗಂಟು ತೊಡೆಯ ಮೇಲಿಟ್ಟುಕೊಂಡು, ರಾಣೆಬೆನ್ನೂರಿಗೆ ಮುಖಮಾಡಿ ಕೂತಳು. ಗಾಡಿ ಹಿಂದಕ್ಕೆ ಹೊರಟಿತು.

ಅಜ್ಜಿ ದಾರಿ, ಗಿಡ, ತಾನು ಹೋಗಬೇಕಾದ ಊರು ಎಲ್ಲ ದೂರ ಸರಿಯುತ್ತಿದ್ದುದನ್ನು ನೋಡಿದಳು. ಮೇಲೆ ಮುಟ್ಟಿದರೂ ಅವಳು ಇಳಿಯದಿದ್ದಾಗ ಮಾವನಿಗೆ ತಪ್ಪು ತಿಳಿದು, "ಯವ್ವಾ, ಇಳಿಯೂವಾಗ ರಾಣಿಬೆನ್ನೂರ ಮಟ ಬಿಡ್ತೇವಿ, ಸಿಟ್ಟಾಗಬ್ಯಾಡ" ಎಂದ.

"ಸಿಟ್ಟು ಯಾಕಪಾ" ಎಂದಳು ಅಜ್ಜಿ. "ಮಾರಿ ಒಂದ್ ಕಡೆ, ನಡಿಗಿ ಒಂದ್ ಕಡೆ. ನಮ್ಮನಿ ಅಳಿಯಾನೂ ಹಿಂಗ ಅದಾನ."

ಮಾವ ತಿರುಗಿ ನನ್ನ ಮುಖ ನೋಡಿದ.

ಸೀಮೆಎಣ್ಣೆ

ಹೊಸ ಪಂಪು ಬಂದರೂ ಪೆಟ್ರೋಲ್ ಕುಡಿಯುವುದು ಕಡಿಮೆಯಾಗಲಿಲ್ಲ. ಕಡೆಗೆ ಮಿಸ್ತ್ರಿ ಎರಡನೆಯ ಟ್ಯಾಂಕು ಕೂಡಿಸಿ ನಡುವೆ ಒಂದು ನಲ್ಲಿ ಇಟ್ಟರು. ಪೆಟ್ರೋಲಿನ ಮೇಲೆ ಚಾಲೂ ಮಾಡುವುದು, ಎಂಜಿನ್ ಕಾದ ಮೇಲೆ ನಲ್ಲಿ ತಿರುವಿ ಸೀಮೆಎಣ್ಣೆಗೆ ಹೋಗುವುದು. ಗಾಡಿ ಓಡಿತು. ಆದರೆ ಹೊಗೆಯೂ ವಾಸನೆಯೂ ನಮಗಿಂತ ಮೊದಲೇ ಊರು ಸೇರುತ್ತಿದ್ದವು.

ಐರಣಿ ಕಡೆಗೆ ಹೊಳೆದಂಡೆಯ ಹೊಲಕ್ಕೆ ಹೊರಟಿದ್ದೆವು. ನಡುವೆ ಸಿಕ್ಕ ಹಳ್ಳಿಯೊಂದರಲ್ಲಿ ದಾರಿಯ ತುಂಬ ಜನ. ಡಬ್ಬಿ, ಬಾಟ್ಲಿ, ಕ್ಯಾನು ಹಿಡಿದು ಸಾಲಾಗಿ ನಿಂತಿದ್ದಾರೆ. ಆ ತಿಂಗಳ ರೇಶನ್ನಿನ ಎಣ್ಣೆ ಇನ್ನೂ ಬಂದಿರಲಿಲ್ಲವಂತೆ. ಗಾಳಿ ಮೂಸಿ ಊರಿಗೆ ಊರೇ ಹೊರಬಿದ್ದಿತ್ತು.

ಮಾವ ಇಳಿದು, "ಇದು ಎಣ್ಣಿ ಗಾಡಿ ಅಲ್ರವಾ, ನಮ್ಮ ಸ್ವಂತ ಲಾರಿ" ಎಂದ.

"ವಾಸನಿ ಎಲ್ಲಿಂದ ಬರಾಕತ್ತೇತಿ ಹಂಗಾರ?" ಮುಂದೆ ನಿಂತಿದ್ದ ಹೆಂಗಸು ಕೇಳಿದಳು.

"ಎಂಜಿನ್ ಕುಡಿತೈತಿ."

"ನಮ್ಮನ್ಯಾಗ ದೀಪಕ್ಕ ಚಿಮಣಿ ಎಣ್ಣಿ ಇಲ್ಲ. ನಿಮ್ಮ ಲಾರಿಗೆ ಕುಡ್ಯಾಕ ಐತಿ?"

ಜನ ದಾರಿ ಬಿಡುವ ಲಕ್ಷಣ ಕಾಣಲಿಲ್ಲ. ಕೊನೆಗೆ ಮಾವ ಎರಡನೆಯ ಟ್ಯಾಂಕಿನ ಪೈಪು ಬಿಚ್ಚಿ, ಬಂದವರ ಬಾಟ್ಲಿಗೆ ಇಷ್ಟಿಷ್ಟು ಬಿಡತೊಡಗಿದ. ಬೆವರು ಸುರಿಯುತ್ತಿತ್ತು. ಆದರೂ ಜನ ಹರಸುತ್ತಿದ್ದುದನ್ನು ಕೇಳಿ ಅವನ ಮುಖ ಅರಳಿತು. ಎಣ್ಣೆ ಮುಗಿಯುವ ಹೊತ್ತಿಗೆ ಸಾಲಿನ ಕೊನೆಯಲ್ಲಿದ್ದ ಮುದುಕ ಹತ್ತಿರ ಬಂದು, ಗೌರವದಿಂದಲೇ ಕೇಳಿದ:

"ಎಣ್ಣಿ ಆತು. ಸಕ್ಕರಿ ಯಾವತ್ತ ತರ್ತೀರಿ, ಸಾಹೇಬ್ರ?"

ಡೀಸೆಲ್

ಸೀಮೆಎಣ್ಣೆಯ ಸಹವಾಸ ಅಂದಿಗೇ ಮುಗಿಯಿತು. ಮಿಸ್ತ್ರಿ ಎಲ್ಲಿಂದಲೋ ಒಂದು ಡೀಸೆಲ್ ಎಂಜಿನ್ ಹುಡುಕಿ ತಂದು ಕೂಡಿಸಿದರು. ಅಗಲದಲ್ಲಿ ಸ್ವಲ್ಪ ದೊಡ್ಡದಾದ್ದರಿಂದ ಬಾನೆಟ್ ಪೂರ್ತಿ ಮುಚ್ಚಲಿಲ್ಲ, ಹಗ್ಗದಿಂದ ಬಿಗಿದರು. "ಈಗ ಗಾಡಿ ಎಂಥಾ ಏರು ಹತ್ತಿದ್ರೂ ಚಿಂತಿಲ್ಲ. ಆದ್ರ ಇದು ಕೀಲಿ ತಿರುವಿದ್ರ ನಿಲ್ಲೂದಿಲ್ಲ. ಈ ತಂತಿ ಜಗ್ಗಿದ್ರ ಎಣ್ಣಿ ಬಂದ್ ಆಕೈತಿ, ಆಗ ನಿಲ್ತೈತಿ" ಎಂದು ಹೇಳಿದರು. ಮಾವ ಆಗ ಗ್ಯಾರೇಜಿನವರಿಗೆಲ್ಲ ಪೇಡೆ ಹಂಚುತ್ತಿದ್ದ. ಕೇಳಿಸಿಕೊಂಡವನು ನಾನೊಬ್ಬನೇ.

ಹಾವೇರಿಯ ಹತ್ತಿರ ಗುಡ್ಡದಲ್ಲಿ ಒಂದು ಕಲ್ಲಿನ ಕ್ವಾರಿ ಇತ್ತು. ಅದರ ಮಾಲಕರಿಗೆ ಇಡೀ ಹಂಗಾಮಿಗೆ ಒಂದು ಗಟ್ಟಿ ಗಾಡಿ ಬೇಕಾಗಿತ್ತು. ಆ ಕೆಲಸ ಸಿಗದಿದ್ದರೆ ಲಾರಿ ಮಾರಿಬಿಡಬೇಕೆಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದ್ದಳು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಪಕ್ಕ ಕೂತ. ಕಲ್ಲುದಾರಿಯ ಏರನ್ನು ಗಾಡಿ ಎಲ್ಲಿಯೂ ನಿಲ್ಲದೆ, ಮುಖ ಮುಂದೆ ಮಾಡಿಕೊಂಡೇ ಹತ್ತಿತು. ಮಾವನಿಗೆ ಹಿಗ್ಗೋ ಹಿಗ್ಗು.

ಮಾಲಕರು ಖುರ್ಚಿ ಹಾಕಿಕೊಂಡು ಕೂತಿದ್ದರು. ಅವರೆದುರಿಗೆ ಗಾಡಿ ನಿಲ್ಲಿಸಿದೆ. ಮಾವ ಕೈಚಾಚಿ ಕೀಲಿ ತಿರುವಿ, ಕಿತ್ತು, ಬೆರಳಲ್ಲಿ ಆಡಿಸುತ್ತ ಇಳಿದ. ಎಂಜಿನ್ ಗಡಗಡ ಎನ್ನುತ್ತಲೇ ಇತ್ತು. ನಾನು ತಂತಿ ಜಗ್ಗಿದೆ. ಅದು ಮೊಳದುದ್ದ ನನ್ನ ಕೈಗೇ ಬಂತು. ಕಲ್ಲುದಾರಿಯ ಕುಲುಕಾಟಕ್ಕೆ ಅದರ ಇನ್ನೊಂದು ತುದಿ ಕಳಚಿತ್ತು. ಬಾನೆಟ್ ತೆಗೆದು ಕೈಯಿಂದಲೇ ನಿಲ್ಲಿಸೋಣವೆಂದು ಹೋದರೆ, ಹಗ್ಗದ ಗಂಟು ಬಿಗಿದು ಕಲ್ಲಾಗಿತ್ತು.

ಮಾಲಕರು ಮಾವನ ಕೈಯಲ್ಲಿದ್ದ ಕೀಲಿಯನ್ನೂ, ನಡುಗುತ್ತಿದ್ದ ಲಾರಿಯನ್ನೂ ನೋಡಿದರು. "ಕೀಲಿ ತಗದೀರಲ್ಲ. ಮತ್ತ ಹೆಂಗ ನಡದೈತ್ರಿ?"

ಮಾವ ನನ್ನ ಕಡೆ ನೋಡಿದ. ನಾನು ಹಲ್ಲಿನಿಂದ ಗಂಟು ಬಿಡಿಸುತ್ತಿದ್ದೆ.

"ಅದು ಹಂಗರಿ" ಎಂದ ಮಾವ, ಕೀಲಿಯನ್ನು ಕಿಸೆಗೆ ಹಾಕಿಕೊಂಡು. "ಕೆಲಸ ಮುಗಿಯೂ ಮಟ ಅದು ನಿಲ್ಲಾಕ ಒಪ್ಪೂದಿಲ್ಲ."

ಹೋಯಿತು ಕೆಲಸ ಎಂದುಕೊಂಡೆ. ಮಾಲಕರು ಪಕ್ಕಕ್ಕೆ ತಿರುಗಿ ತಮ್ಮ ಎರಡು ಲಾರಿಗಳನ್ನು ನೋಡಿದರು. ಎರಡೂ ಬಾನೆಟ್ ತೆರೆದುಕೊಂಡು, ಮಳೆಗಾಲದಿಂದ ಚಾಲೂ ಆಗದೆ ಅಲ್ಲೇ ನಿಂತಿದ್ದವು. ಒಂದರ ಗಾಲಿಗೆ ಬಳ್ಳಿ ಹಬ್ಬಿತ್ತು.

"ಆತ್ರಿ, ನಿಮ್ಮ ಗಾಡೀನ ಇಟ್ಕೋತೇನಿ" ಎಂದರು.

ಮಾವ ನಂಬಲಾರದೆ ಕೈಮುಗಿದ. "ಭಾಳ ಉಪಕಾರ ಆತ್ರಿ. ನಾಳೆ ಮುಂಜಾನಿ ಲಗೂನ ಬರ್ತೇವಿ."

"ನಾಳೆ ಯಾಕ್ರಿ?" ಎಂದರು ಮಾಲಕರು, ಕಲ್ಲು ತುಂಬುವವರನ್ನು ಕೈಬೀಸಿ ಕರೆಯುತ್ತ. "ಹೆಂಗೂ ಚಾಲೂ ಐತಲ್ಲ, ನಿಲ್ಲೂದ್ರೊಳಗ ಒಂದ್ ಲೋಡ್ ಒಯ್ರಿ."